ಬಿಸಿಯಾಗದೆ ಕೂರದ ಬಣ್ಣ

ದುಃಖವಾದರೆ ಅಳುವವರಿದ್ದಾರೆ, ಮೂಲೆ ಹಿಡಿದು ಸುಮ್ಮನೆ ಕೂರುವವರಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಸರ್ಕಾರಿ ಬಸ್ಸು ಓಡಿಸಿ ಓಡಿಸಿ ಬಲಿತ ಗಂಟಲು, ಮೆಲ್ಲಗೆ ಬೈಯಲು ಬರುವುದಿಲ್ಲ. ನಮ್ಮವ್ವ ಸತ್ತ ದಿನ ನಾನು ಚಟ್ಟ ಕಟ್ಟುವವರಿಗೆಲ್ಲ ಬೈದಿದ್ದೆನಂತೆ, ಹೆಂಡತಿ ಉಡಚಮ್ಮ ಈಗಲೂ ಆಡಿಕೊಳ್ಳುತ್ತಾಳೆ. ಇದ್ದರೂ ಇರಬಹುದು. ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು ಹೇಳಿದೆ. ಏಕೆಂದರೆ ಮಕ್ತುಮ್ ಸಾಬನ ಜೊತೆ ಇಂಜಿನ್ನಿನ ಬಣ್ಣ ತರಲು ಹೋದ ದಿನ, ಹರಿಹರದಲ್ಲಿ ಬಸ್ಸು ಹತ್ತಿದವನು ದಾವಣಗೆರೆಯಲ್ಲಿ ಇಳಿಯುವವರೆಗೂ ನಾನು ಅವನಿಗೆ ಬೈಯುತ್ತಲೇ ಇದ್ದೆ.

ಮಕ್ತುಮ್ ಗಾದಿ ಹೊಲಿಯುವವನು. ಹರಿಹರದಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಮುಂದಿನ ಕೋಣೆಯೇ ಅವನ ಅಂಗಡಿ. ಅವನು ಅರಳೆ ಹಿಂಜಿದರೆ ಸೀನು ಬರುತ್ತಿದ್ದದ್ದು ನಮ್ಮ ಮನೆಯವರಿಗೆ. ಅವನಿಗೆ ಫೈಸಲ್ ಒಬ್ಬನೇ ಮಗ. ಅಪ್ಪ ತುಂಬಿ ಹೊಲಿದ ಗಾದಿಗಳನ್ನು ಸುರುಳಿ ಸುತ್ತಿ, ಹಳೆಯ ಯಮಹಾ ಗಾಡಿಯ ಹಿಂದೆ ಕಟ್ಟಿಕೊಂಡು ಸುತ್ತಲಿನ ಊರುಗಳಿಗೆ ಮುಟ್ಟಿಸುವುದು ಅವನ ಕೆಲಸ. ಹಿಂದಿನಿಂದ ನೋಡಿದರೆ ಹುಡುಗ ಕಾಣುತ್ತಲೇ ಇರಲಿಲ್ಲ, ಗಾದಿಯೇ ತನ್ನಷ್ಟಕ್ಕೆ ತಾನು ಹೊರಟಂತೆ ಕಾಣುತ್ತಿತ್ತು. ಸಂಜೆ ಓಣಿಯ ತಿರುವಿನಲ್ಲಿ ಆ ಗಾಡಿಯ ಸಪ್ಪಳ ಕೇಳಿತೋ, ತಾಯಿ ಹಜೀರಾಬೀ ಒಲೆ ಹಚ್ಚಿ ಹಂಚಿಡುತ್ತಿದ್ದಳು. ಮಗ ಗಾಡಿ ನಿಲ್ಲಿಸಿ ಕೈಕಾಲು ತೊಳೆದು ಬರುವಷ್ಟರಲ್ಲಿ ರೊಟ್ಟಿ ಉಬ್ಬಿರಬೇಕು. ಅದೊಂದರಲ್ಲಿ ಆಕೆ ಒಂದು ದಿನವೂ ತಪ್ಪಿದವಳಲ್ಲ.

ಫೈಸಲ್ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಯಿತು. ಗಾಡಿ ಅಂಗಳದಲ್ಲಿ ನಿಂತದ್ದು ನಿಂತೇ ಹೋಯಿತು. ಅವನ ಹೆಂಡತಿ ಗುಲ್ನಾಜ್ ಅದಕ್ಕೆ ಪಟ್ಟೆಪಟ್ಟೆಯ ಗಾದಿ ಬಟ್ಟೆಯಲ್ಲೇ ಒಂದು ಹೊದಿಕೆ ಹೊಲಿದಳು. ಹಜೀರಾಬೀ ದಿನಾ ಬೆಳಿಗ್ಗೆ ಆ ಹೊದಿಕೆ ತೆಗೆಯುತ್ತಾಳೆ, ಗಾಡಿ ಒರೆಸುತ್ತಾಳೆ, ಮತ್ತೆ ಹೊದಿಸುತ್ತಾಳೆ. ಸ್ಟಾರ್ಟ್ ಮಾಡಲು ಮಾತ್ರ ಯಾರಿಗೂ ಬಿಡಲಿಲ್ಲ. ಸುಮ್ಮನೆ ನಿಂತರೆ ಇಂಜಿನ್ ಜಾಮ್ ಆಗುತ್ತದೆ, ಆಗಾಗ ಒಂದು ಕಿಕ್ ಹೊಡೆಯಬೇಕು ಎಂದು ನಾನು ಒಮ್ಮೆ ಹತ್ತಿರ ಹೋಗಿದ್ದೆ.

"ಬ್ಯಾಡಣ್ಣ," ಅಂದಳು. "ಆ ಸಪ್ಪಳ ಕೇಳಿದ್ರೆ ನನ್ನ ಕೈ ಹಂಚಿಗೆ ಹೋಗ್ತೈತೆ. ಆಮೇಲೆ ಆ ರೊಟ್ಟಿ ಯಾರಿಗೆ ಹಾಕ್ಲಿ?"

ಆವತ್ತಿನಿಂದ ನಾನು ಅದರ ಸುದ್ದಿಗೆ ಹೋಗಲಿಲ್ಲ.

ಗುಲ್ನಾಜ್‌ಗೆ ತವರು ಅಂತ ಇಲ್ಲ. ಮಲೇಬೆನ್ನೂರಿನಲ್ಲಿ ಚಿಕ್ಕಪ್ಪ ಇದ್ದ, ಮದುವೆ ಮಾಡಿ ಕೈತೊಳೆದುಕೊಂಡಿದ್ದ. ಗಂಡ ಸತ್ತ ಮೇಲೂ ಹುಡುಗಿ ಅತ್ತೆ ಮಾವನ ಹತ್ತಿರವೇ ಉಳಿದು ಗಾದಿಯ ಚೀಲ ಹೊಲಿದುಕೊಡುತ್ತಿದ್ದಳು. ಈ ವರ್ಷ ಮಕ್ತುಮ್, ಹಜೀರಾಬೀ ಇಬ್ಬರೂ ಕೂತು ಮಾತಾಡಿ, ಅವಳಿಗೆ ಇನ್ನೊಂದು ನಿಕಾಹ್ ಮಾಡಿಕೊಡುವುದೆಂದು ಗಟ್ಟಿ ಮಾಡಿದರು. ಗಂಡು ದಾವಣಗೆರೆ ಸರಸ್ವತಿ ನಗರದ ಅಕೀಬ್. ವಿದ್ಯಾನಗರದ ಹಾಸ್ಟೆಲುಗಳ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಮೊದಲ ಹೆಂಡತಿ ಹೆರಿಗೆಯಲ್ಲಿ ಹೋದಳು. ಮೆತ್ತಗಿನ ಮನುಷ್ಯ. ಒಂದು ವಸ್ತು ಕೇಳಲಿಲ್ಲ, ಒಂದು ಮಾತು ಹೆಚ್ಚು ಆಡಲಿಲ್ಲ.

ಅವನು ಕೇಳದಿದ್ದದ್ದೇ ನಮ್ಮ ಮಕ್ತುಮನಿಗೆ ಆಗಿಬರಲಿಲ್ಲ. "ನಾನು ಮಗಳನ್ನ ಬರಿಗೈಯಾಗ ಕಳ್ಸಲ್ಲ. ಗಾಡಿ ಅವಳ ಗಂಡಂದು, ಅಂದ್ಮೇಲೆ ಅವಳದೇ. ಅವಳ ಜೊತೀಗೆ ಹೋಗ್ತೈತೆ," ಅಂದ.

ಹಜೀರಾಬೀ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದ್ದು ಅಂಗಳಕ್ಕೆ ಹೋಗಿ, ಸರಿಯಾಗಿಯೇ ಇದ್ದ ಹೊದಿಕೆಯನ್ನು ಇನ್ನೊಮ್ಮೆ ಸರಿಮಾಡಿದಳು. ಸೊಸೆಯನ್ನು ಬಿಟ್ಟುಕೊಡಲು ಬಾಯಿಬಿಟ್ಟು ಒಪ್ಪಿದ್ದ ಹೆಂಗಸು, ಗಾಡಿಯನ್ನು ಬಿಟ್ಟುಕೊಟ್ಟಾಳೋ ಇಲ್ಲವೋ ಎಂಬುದು ನಮಗೆ ಯಾರಿಗೂ ತಿಳಿಯಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಇನ್ನು ಬಣ್ಣದ ವಿಷಯ. ಅದನ್ನು ಹೇಳಬೇಕಾದರೆ ಫೈಸಲ್‌ನ ಮದುವೆಗೆ ಹೋಗಬೇಕು. ಮದುವೆಗೆಂದು ಮನೆಯ ಬಾಗಿಲು ಕಿಟಕಿಗೆಲ್ಲ ಹಸಿರು ಬಣ್ಣ ಹೊಡೆಸಿದ್ದರು. ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿಯಿತು. ಮದುಮಗ ಸುಮ್ಮನಿರಬೇಕಲ್ಲ, ಇಂಜಿನ್ನಿನ ಕಪ್ಪು ಬಣ್ಣ ಮಾಸಿದೆಯೆಂದು ಅದನ್ನೇ ಬಳಿಯಲು ಕೂತ. "ಲೇ, ಅದು ಬಾಗಿಲ ಬಣ್ಣ ಕಣಲೇ, ಇಂಜಿನ್ನಿಗೆ ಹಚ್ಚಿದ್ರೆ ಸುಟ್ಟು ಹೊಗೆ ಏಳ್ತೈತೆ," ಎಂದು ನಾನು ಗೋಡೆಯ ಈಚೆಯಿಂದಲೇ ಕೂಗಿದೆ. "ಇರ್ಲಿ ಬಿಡು ಕಾಕಾ, ಬಾಗಿಲಿಗೂ ಗಾಡಿಗೂ ಮ್ಯಾಚಿಂಗ್ ಆಗ್ತೈತೆ," ಅಂದ. ನಿಕಾಹ್ ಮುಗಿದ ಮೇಲೆ ಕಾರು ಬೇಡವೆಂದು ಹಟ ಹಿಡಿದು, ಹೆಂಡತಿಯನ್ನು ಮಲೇಬೆನ್ನೂರಿನಿಂದ ಆ ಗಾಡಿಯ ಮೇಲೆಯೇ ಕರೆತಂದ. ಅರ್ಧ ದಾರಿಯಲ್ಲಿ ಬಣ್ಣ ಬೇಯತೊಡಗಿತು. ಅದೇನು ಹೊಗೆ, ಅದೇನು ವಾಸನೆ! ಹೊಸ ಮದುಮಗಳು ಹಸಿರು ಬಾಗಿಲ ಮುಂದೆ ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಇಳಿದಳು. ಓಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹಜೀರಾಬೀ.

ಆಮೇಲೆ ಆ ಬಣ್ಣ ಹೊಪ್ಪಳಿಕೆ ಎದ್ದು ಉದುರಿತು. ಸಿಲಿಂಡರಿನ ಸುತ್ತ ಪದರ ಪದರವಾಗಿರುವ ಪಟ್ಟಿಗಳ ಸಂದಿಯಲ್ಲಿ ಮಾತ್ರ ಅಲ್ಲಲ್ಲಿ ಹಸಿರು ಉಳಿಯಿತು. ಉಳಿದ ಕಡೆ ಸುಟ್ಟ ಕಲೆ. ಅಂಥ ಗಾಡಿಯನ್ನು ಹೊಸ ಅಳಿಯನ ಮನೆಗೆ ಹೇಗೆ ಕಳಿಸುವುದೆಂದು ಮಕ್ತುಮ್ ಬಣ್ಣ ತರಲು ಹೊರಟ, ಜೊತೆಗೆ ನನ್ನನ್ನೂ ಎಳೆದುಕೊಂಡ.

ಹರಿಹರದಲ್ಲಿ ಬಣ್ಣದ ಅಂಗಡಿಗಳಿಗೆ ಬರವೇ? ಒಂದು ಡಬ್ಬಿ ಬಣ್ಣಕ್ಕೆ ದಾವಣಗೆರೆಗೆ ಹೋಗಬೇಕೆ, ಬಿಸಿಲಲ್ಲಿ ನನ್ನ ಮಂಡಿ ಸವೆಸಬೇಕೆ, ನಿನಗೆ ಬುದ್ಧಿ ಯಾವಾಗ ಬರುತ್ತದೆ ಎಂದು ದಾರಿಯುದ್ದಕ್ಕೂ ಬೈದೆ. ಅವನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಬಸ್ಸು ಇಳಿದ ಮೇಲೆ ಅಂದ, "ಅಲ್ಲಿ ಯಾವ ಅಂಗಡಿಗೆ ಹೋದ್ರೂ ಫೈಸಲ್ ಗಾಡಿಗೇನು ಸಾಬ್ರೆ ಅಂತ ಕೇಳ್ತಾರಪ್ಪ. ಇಲ್ಲಾದ್ರೆ ಯಾರೂ ಕೇಳಲ್ಲ."

ನಾನೇ ಮುಂದೆ ನಡೆದು ಒಂದು ಬಣ್ಣದ ಅಂಗಡಿ ಹುಡುಕಿದೆ.

ಅಂಗಡಿಯವನ ಹೆಸರು ಖುದ್ದೂಸ್. ನಡುವಯಸ್ಸಿನವನು, ಉಗುರುಗಳಲ್ಲೆಲ್ಲ ನಾನಾ ಬಣ್ಣ. "ಇಂಜಿನ್ನಿಗೋ ಸೈಲೆನ್ಸರಿಗೋ?" ಎಂದು ಕೇಳಿದ. ಸೈಲೆನ್ಸರ್ ಹೆಚ್ಚು ಕಾಯುತ್ತದೆ, ಅದಕ್ಕೆ ಆರುನೂರು ಡಿಗ್ರಿ ತಡೆಯುವುದು ಬೇಕು, ಇಂಜಿನ್ನಿಗಾದರೆ ಮುನ್ನೂರರದು ಸಾಕು ಎಂದು ಹೇಳಿ, ಸ್ಪ್ರೇ ಡಬ್ಬಿಗಳನ್ನು ಸಾಲಾಗಿ ಇಟ್ಟ. ಹೊಳೆಯುವ ಕಪ್ಪು, ಹೊಳಪಿಲ್ಲದ ಕಪ್ಪು, ಬೆಳ್ಳಿ ಬಣ್ಣ. ಒಂದೊಂದನ್ನೂ ಒಂದು ರಟ್ಟಿನ ಮೇಲೆ ಪುಸ್ಸೆಂದು ಹೊಡೆದು ತೋರಿಸಿದ. ಬೆಳ್ಳಿ ಬಣ್ಣ ಹೊಡೆದರೆ ಗಾಡಿ ಹೊಸದರಂತೆ ಕಾಣುತ್ತದೆ, ಕಪ್ಪು ಹೊಡೆದರೆ ಕಂಪನಿಯಿಂದ ಬಂದ ಹಾಗೆ ಕಾಣುತ್ತದೆ, ನಿಮ್ಮ ಇಷ್ಟ ಅಂದ.

ಮಕ್ತುಮ್ ರಟ್ಟನ್ನು ಬೆಳಕಿಗೆ ಹಿಡಿದು ನೋಡಿದ, ಕೆಳಗಿಟ್ಟ. ಜುಬ್ಬಾದ ಜೇಬಿಗೆ ಕೈಹಾಕಿ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಉಗುರಿನಷ್ಟಗಲದ ಹಸಿರು ಚಕ್ಕೆ.

"ಈ ಬಣ್ಣ ಬರ್ತೈತೇನ್ರಿ, ಹೀಟ್ ತಡಿಯೋದ್ರಾಗೆ?"

ಖುದ್ದೂಸ್ ಚಕ್ಕೆಯನ್ನು ತಿರುಗಿಸಿ ನೋಡಿ ನಕ್ಕುಬಿಟ್ಟ. "ಇದು ಬಾಗಿಲಿಗೆ ಹೊಡಿಯೋ ಬಣ್ಣ ಚಾಚಾ. ಯಾವ ಪುಣ್ಯಾತ್ಮ ಇದನ್ನ ಇಂಜಿನ್ನಿಗೆ ಹಚ್ಚಿದ್ದ?"

"ನನ್ನ ಮಗ," ಅಂದ ಮಕ್ತುಮ್. ಅವನೂ ನಕ್ಕ.

ನನಗೆ ಮೈಯೆಲ್ಲ ಉರಿಯಿತು. "ಏನ್ ಮಾತಾಡ್ತೀಯೋ ಮಕ್ತುಮ? ಹಳೇ ಗಂಡನ ಬಣ್ಣ ಬಳಿದು ಹೊಸ ಗಂಡನ ಮನೀಗೆ ಕಳ್ಸ್ತೀಯಾ? ಆ ಹುಡುಗಿ ಅಲ್ಲಿ ಬಾಳ್ವೆ ಮಾಡ್ಬೇಕೋ ಬ್ಯಾಡ್ವೋ?" ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಮಕ್ತುಮ್ ಚಕ್ಕೆಯನ್ನು ಮತ್ತೆ ಪೊಟ್ಟಣ ಕಟ್ಟಿ ಜೇಬಿಗಿಟ್ಟುಕೊಂಡ. "ನಿಂಗಪ್ಪ ಹೇಳೋದು ಖರೇ ಐತೆ. ಕಪ್ಪೇ ಕೊಡ್ರಿ. ಹೊಳಪು ಬ್ಯಾಡ."

ಖುದ್ದೂಸ್ ಹಚ್ಚುವ ಬಗೆ ಹೇಳಿದ. ಹಳೆಯ ಬಣ್ಣವನ್ನು ತಂತಿ ಬ್ರಷ್ಷಿನಿಂದ ಪೂರ್ತಿ ಕೆರೆಯಬೇಕು. ಜಿಡ್ಡಿಲ್ಲದ ಹಾಗೆ ತಿನ್ನರ್‌ನಲ್ಲಿ ಒರೆಸಬೇಕು. ತೆಳ್ಳಗೆ ಒಂದರ ಮೇಲೊಂದು ಹೊಡೆದು ಒಂದು ದಿನ ಒಣಗಲು ಬಿಡಬೇಕು. ಆಮೇಲೆ ಇಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಕಾಯಿಸಿ ಆರಲು ಬಿಡಬೇಕು, ಮತ್ತೆ ಇನ್ನಷ್ಟು ಕಾಯಿಸಬೇಕು. "ಮೊದ್ಲನೇ ಸಲ ಭಾಳ ಹೊತ್ತು ಬಿಡಬ್ಯಾಡ್ರಿ, ಗುಳ್ಳೆ ಏಳ್ತೈತೆ. ಆದ್ರೆ ಕಾಯಿಸ್ದೆ ಮಾತ್ರ ಬಿಡಂಗಿಲ್ಲ. ಈ ಬಣ್ಣ ಬಿಸಿ ಆಗ್ದೆ ಕೂರಂಗಿಲ್ಲ. ಕೈಗೇ ಬರ್ತೈತೆ."

ಮಕ್ತುಮನ ಮುಖ ಇಳಿದುಹೋಯಿತು. "ಕಾಯಿಸ್ದೆ ಕೂರೋದು ಯಾವುದೂ ಇಲ್ಲೇನ್ರಿ?"

"ಅಂಥದು ಬೇಕಂದ್ರೆ ಆ ಬಾಗಿಲ ಬಣ್ಣಾನೇ ಒಯ್ರಿ ಚಾಚಾ!"

ಪಾಪ, ತಮಾಷೆಗೆ ಅಂದದ್ದು. ಮಕ್ತುಮ್ ಮೊದಲು ಜೋರಾಗಿ ನಕ್ಕ. ನಗುನಗುತ್ತಲೇ ಕಣ್ಣು ತುಂಬಿ ಬಂದವು. ಟೋಪಿ ತೆಗೆದು ಅದರಿಂದಲೇ ಮುಖ ಒರೆಸಿಕೊಂಡ. ಖುದ್ದೂಸ್‌ಗೆ ಏನೂ ಅರ್ಥವಾಗದೆ ನನ್ನ ಮುಖ ನೋಡಿದ. ನನಗೆ ಅರ್ಥವಾಗಿತ್ತು. ಆ ಇಂಜಿನ್ನಿನ ಸಪ್ಪಳವನ್ನು ಆ ಅಂಗಳದಲ್ಲಿ ಎಬ್ಬಿಸದೆ ಆ ಬಣ್ಣ ಕೂರುವುದಿಲ್ಲ. ಕಪ್ಪು ಡಬ್ಬಿಗೆ ದುಡ್ಡು ಕೊಟ್ಟು ವಾಪಸ್ಸು ಬಸ್ಸು ಹತ್ತಿದೆವು.

ಮಾರನೆಯ ದಿನ ಬೆಳಿಗ್ಗೆ ಕೆರೆಯಲು ಕೂತೆವು. ಹಜೀರಾಬೀ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಸುಟ್ಟ ಕಲೆಗಳನ್ನೆಲ್ಲ ಮಕ್ತುಮ್ ಶ್ರದ್ಧೆಯಿಂದ ಕೆರೆದ. ಹಸಿರು ಇರುವ ಕಡೆ ಬಂದರೆ ಅವನ ಬ್ರಷ್ಷು ನಿಲ್ಲುತ್ತಿತ್ತು. ಕೊನೆಗೆ ನಾನೇ ಬೈದು ಕಿತ್ತುಕೊಂಡೆ. ಸಂದಿಸಂದಿಯ ಹಸಿರೆಲ್ಲ ಪುಡಿಪುಡಿಯಾಗಿ ನೆಲಕ್ಕೆ ಬಿತ್ತು. ಕಾರ್ಬೊರೇಟರಿನ ಹಿಂಭಾಗದಲ್ಲಿ, ಬಗ್ಗಿ ನೋಡಿದರೂ ಕಾಣದ ಕಡೆ ಒಂದಿಷ್ಟು ಉಳಿದಿತ್ತು. ಅಲ್ಲಿಗೆ ಬ್ರಷ್ ಹೋಗುವುದಿಲ್ಲ ಎಂದೆ. ಹೋಗುತ್ತಿತ್ತು. ಮಕ್ತುಮನಿಗೂ ಗೊತ್ತಿತ್ತು.

ಬಣ್ಣ ಹೊಡೆದು ಒಣಗಲು ಬಿಟ್ಟೆವು. ಮರುದಿನ ಹಜೀರಾಬೀ ಎಂದಿನಂತೆ ಒರೆಸುವ ಬಟ್ಟೆ ಹಿಡಿದುಕೊಂಡು ಬಂದಳು. ಹೊಸ ಕಪ್ಪನ್ನು ನೋಡಿದಳು. ಬೆರಳಿನಿಂದ ಮುಟ್ಟಿದಳು. ಬೆರಳ ತುದಿಗೆ ಮಸಿ ಹತ್ತಿತು.

"ಕೂತಿಲ್ಲ," ಅಂದಳು.

"ಬಿಸಿ ಆಗ್ಬೇಕು ತಂಗಿ," ಅಂದೆ. ಅಷ್ಟು ಸಣ್ಣ ದನಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ.

ಆಕೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಒಳಗೆ ಹೋಗಿ ಬುರ್ಖಾ ಹಾಕಿಕೊಂಡು ಬಂದಳು. "ನಾನು ಬಜಾರಕ್ಕೆ ಹೋಗಿ ಬರ್ತೀನಿ. ಅಷ್ಟರಾಗ ಏನ್ ಮಾಡೋದೈತೆ ಮಾಡಿ ಮುಗಿಸ್ರಿ," ಎಂದು ಗೇಟು ದಾಟಿದಳು. ಕೈಯಲ್ಲಿ ಚೀಲ ಇರಲಿಲ್ಲ.

ಹಳೆಯ ಪೆಟ್ರೋಲ್ ತೆಗೆದು ಹೊಸದು ಹಾಕಿದೆ, ಪ್ಲಗ್ ಒರೆಸಿದೆ. ಮಕ್ತುಮ್ ಕಿಕ್ ಹೊಡೆದು ಹೊಡೆದು ಏದುಸಿರು ಬಿಟ್ಟ, ನಾನೂ ಹೊಡೆದೆ. ಎರಡು ವರ್ಷದ ನಿದ್ದೆ, ಸುಲಭವಾಗಿ ಏಳಲಿಲ್ಲ. ಕೊನೆಗೊಮ್ಮೆ ಕೆಮ್ಮಿ, ಬಿಳಿ ಹೊಗೆ ಉಗುಳಿ ಹತ್ತಿಕೊಂಡಿತು. ಅದೇ ಸಪ್ಪಳ. ಸ್ವಲ್ಪ ಹೊತ್ತಿಗೆ ಬಣ್ಣ ಕಾದು ಸಣ್ಣಗೆ ಹೊಗೆ ಎದ್ದಿತು, ವಾಸನೆ ಬಂತು. ಬಾಗಿಲಲ್ಲಿ ನಿಂತಿದ್ದ ಗುಲ್ನಾಜ್ ದುಪಟ್ಟಾ ಮೂಗಿಗೆ ಹಿಡಿದಳು. ಅವಳ ಕಣ್ಣು ಹೊಗೆಗಿಂತ ಮೊದಲೇ ಕೆಂಪಾಗಿದ್ದವು.

ಆಗ ಹಜೀರಾಬೀ ಬಂದಳು. ಬಜಾರಕ್ಕೆ ಹೋಗಿರಲೇ ಇಲ್ಲವೋ ಏನೋ, ತಿರುವಿನ ಕಡೆಯಿಂದ ಬಿರಬಿರನೆ ಬಂದು, ನಮ್ಮ ಯಾರ ಕಡೆಗೂ ನೋಡದೆ ಒಳಗೆ ಹೋದಳು. ಒಲೆ ಹತ್ತಿತು. ಹಂಚಿಟ್ಟ ಸದ್ದಾಯಿತು. ಇಂಜಿನ್ನಿನ ಗದ್ದಲದ ನಡುವೆಯೇ ಆಕೆ ರೊಟ್ಟಿ ತಟ್ಟುವ ಪಟಪಟ ಸಪ್ಪಳ ಕೇಳತೊಡಗಿತು. ಮಕ್ತುಮ್ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ.

ತಟ್ಟೆಯಲ್ಲಿ ಬಿಸಿ ರೊಟ್ಟಿ ಹಿಡಿದು ಹೊರಗೆ ಬಂದಳು. ಬುರ್ಖಾ ಇನ್ನೂ ಮೈಮೇಲೆಯೇ ಇತ್ತು, ತೋಳಿಗೆಲ್ಲ ಹಿಟ್ಟು. ಗಾಡಿಯ ಹತ್ತಿರ ನಾನು, ಗೋಡೆಯ ಹತ್ತಿರ ಗಂಡ, ಬಾಗಿಲಲ್ಲಿ ಸೊಸೆ. ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ನೋಡಿದಳು.

ಅಂಗಡಿಯವನು ಹೇಳಿದ ಹೊತ್ತು ಮುಗಿದಿತ್ತು. ನಾನು ಕೀಲಿಗೆ ಕೈಹಾಕಿದೆ.

"ಬಂದ್ ಮಾಡಬ್ಯಾಡಣ್ಣ," ಅಂದಳು. "ಇನ್ನೊಂದೀಟು ಇರ್ಲಿ."

ಕೈ ಹಿಂದಕ್ಕೆ ತೆಗೆದೆ. ಗಾಳಿಯಿಲ್ಲದೆ ನಿಂತಲ್ಲೇ ಓಡುವ ಇಂಜಿನ್ ಬೇಗ ಕಾಯುತ್ತದೆ. ಬಣ್ಣದ ಮೇಲೆ ಒಂದು ಗುಳ್ಳೆ ಎದ್ದಿತು, ಅದರ ಪಕ್ಕ ಇನ್ನೊಂದು. ಕಂಡಕ್ಟರ್ ಸೀಟಿ ಹೊಡೆದರೆ ತುಂಬಿದ ಬಸ್ಸನ್ನೇ ನಿಲ್ಲಿಸುತ್ತಿದ್ದವನು, ಒಂದು ಕೀಲಿ ತಿರುಗಿಸಲು ನನ್ನಿಂದ ಆಗಲಿಲ್ಲ. ಆಕೆ ತಟ್ಟೆ ಹಿಡಿದು, ಸಪ್ಪಳ ಕೇಳುತ್ತ ನಿಂತೇ ಇದ್ದಳು.

ಗುಲ್ನಾಜ್ ಇಳಿದು ಬಂದಳು. ಕೀಲಿ ತಿರುಗಿಸಿದಳು.

ಓಣಿಯೇ ನಿಶ್ಶಬ್ದವಾದ ಹಾಗಾಯಿತು. ಹುಡುಗಿ ಅಲ್ಲೇ, ಕಾದ ಇಂಜಿನ್ನಿನ ಪಕ್ಕದ ನೆಲದ ಮೇಲೆ ಕೂತುಕೊಂಡಳು. "ಅಮ್ಮಿ, ಆ ರೊಟ್ಟಿ ನನಗ ಕೊಡು," ಅಂದಳು. ಪಲ್ಯವಿಲ್ಲ, ಚಟ್ನಿಯಿಲ್ಲ. ಒಣ ರೊಟ್ಟಿಯನ್ನು ಮುರಿಮುರಿದು, ಬಿಕ್ಕುತ್ತ ಬಿಕ್ಕುತ್ತ ಪೂರ್ತಿ ತಿಂದಳು. ಹಜೀರಾಬೀ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕೊನೆಯ ತುತ್ತಿನವರೆಗೂ ನೋಡಿದಳು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟಳು.

"ಗಾಡಿ ತಗೊಂಡು ಹೋಗವ್ವ. ನಿಂದೇ ಅದು. ಈ ಓಣ್ಯಾಗ ಮಾತ್ರ ಚಾಲೂ ಮಾಡಬ್ಯಾಡ್ರಿ. ದೊಡ್ಡ ರಸ್ತೆ ತನಕ ತಳ್ಕೊಂಡು ಹೋಗ್ರಿ. ನನಗ ಕೇಳ್ಬಾರ್ದು."

ಅದಾದ ಮೇಲಿನ ಶುಕ್ರವಾರ ನಿಕಾಹ್ ಆಯಿತು. ಮನೆಮಟ್ಟಿಗೆ ಊಟ. ಕಳಿಸಿಕೊಡುವ ಹೊತ್ತಿಗೆ ಗುಲ್ನಾಜ್ ಅತ್ತೆಯನ್ನು ತಬ್ಬಿಕೊಂಡವಳು ಬಿಡಲಿಲ್ಲ. ಕೊನೆಗೆ ಹಜೀರಾಬೀಯೇ ಅವಳ ಕೈ ಬಿಡಿಸಿ, ಅಂಗಡಿಯ ಕೋಣೆಗೆ ಹೋಗಿಬಿಟ್ಟಳು. ಅರ್ಧ ತುಂಬಿದ ಗಾದಿಯಿಂದ ಒಂದು ಹಿಡಿ ಅರಳೆ ಕಿತ್ತುಕೊಂಡದ್ದನ್ನು ನಾನು ನೋಡಿದೆ. ಕಿವಿಗೆ ಇಟ್ಟುಕೊಳ್ಳಲು ಎಂದು ತಿಳಿಯಿತು. ಒಳ್ಳೆಯದೇ ಆಯಿತು ಅಂದುಕೊಂಡೆ.

ಹೊಸ ಶೇರ್ವಾನಿ ತೊಟ್ಟ ಮದುಮಗ ಗಾಡಿ ತಳ್ಳಿಕೊಂಡು ಹೊರಟ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಪೆಟ್ರೋಲ್ ಇಲ್ಲವೇನೋ ಎಂದು ಯಾರೋ ನಕ್ಕರು. ಅಕೀಬ್ ಏಕೆ ಎಂದು ಒಂದು ಮಾತೂ ಕೇಳಲಿಲ್ಲ. ಹಿಂದಿನಿಂದ ನಾನೂ ಮಕ್ತುಮನೂ ಕೈ ಹಚ್ಚಿದೆವು. ಪಕ್ಕದಲ್ಲಿ ಗುಲ್ನಾಜ್ ನಡೆದಳು. ತಿರುವಿನಲ್ಲಿ ಅಕೀಬ್ ನಿಂತು ನನ್ನ ಮುಖ ನೋಡಿದ. "ಇನ್ನೂ ಮುಂದಕ್ಕೆ ತಳ್ಳು, ಏನ್ ಹೊಟ್ಟೀಗೆ ತಿಂದಿಲ್ಲೇನು?" ಎಂದು ಗದರಿದೆ. ತಳ್ಳಿದ.

ದೊಡ್ಡ ರಸ್ತೆಯಲ್ಲಿ ಕಿಕ್ ಹೊಡೆದ. ಇಂಜಿನ್ ಕಾಯುತ್ತಿದ್ದ ಹಾಗೆ ಗುಳ್ಳೆ ಎದ್ದ ಕಡೆಯಿಂದ ತೆಳ್ಳಗೆ ಹೊಗೆ ಬಂತು. ಅಕೀಬ್ ಗಾಬರಿಯಾಗಿ ಬಗ್ಗಿದ. "ಹೊಗೆ ಬರ್ತೈತಲ್ರಿ!"

ಗುಲ್ನಾಜ್ ಹಿಂದೆ ಹತ್ತಿ ಕೂತಳು. "ಬರ್ಲಿ ಬಿಡ್ರಿ," ಅಂದಳು. "ಹೋದ ಸಲ ಇನ್ನೂ ಜಾಸ್ತಿ ಬಂದಿತ್ತು."

ಅಕೀಬ್ ನೆಟ್ಟಗೆ ಕೂತು, "ಆಯ್ತು," ಎಂದು ಗೇರ್ ಹಾಕಿದ. ದಾವಣಗೆರೆಯ ಕಡೆ ಹೋಗುವ ಲಾರಿಗಳ ನಡುವೆ ಗಾಡಿ ಕಾಣುವಷ್ಟು ಹೊತ್ತು ನಾವಿಬ್ಬರೂ ನಿಂತಿದ್ದೆವು.

ವಾಪಸ್ಸು ಬಂದಾಗ ಹಜೀರಾಬೀ ಹಸಿರು ಬಾಗಿಲಿಗೆ ಒರಗಿ ನಿಂತಿದ್ದಳು. ಅರಳೆ ಮುಷ್ಟಿಯಲ್ಲೇ ಇತ್ತು, ಬೆವರಿಗೆ ಉಂಡೆಯಾಗಿತ್ತು.

"ಇಟ್ಕೊಳ್ಳಾಕ ಆಗ್ಲಿಲ್ಲಣ್ಣ," ಅಂದಳು. "ಕಡೀಗೆ ಮಗನ ಮುಖ ನೋಡಿದಾಗ ಮೂಗಿನ್ಯಾಗ, ಕಿವ್ಯಾಗ ಇದೇ ಅಂಗಡಿ ಅರಳೆ ಇತ್ತು. ನೆನಪಾತು."

ಆ ಉಂಡೆಯನ್ನು ಬೆರಳಲ್ಲಿ ಬಿಡಿಸತೊಡಗಿದಳು.

"ಅಷ್ಟು ದೂರದಿಂದಾನೂ ಕೇಳ್ತು. ಅವನಿದ್ದಾಗ ಬರೋ ಸಪ್ಪಳಕ್ಕೇ ಕಿವಿ ಇರ್ತಿತ್ತು ನನಗ. ಬೆಳಿಗ್ಗೆ ಹೋಗೋದನ್ನ ಒಂದಿನಾನೂ ಕೇಳಿರ್ಲಿಲ್ಲ, ಹೆಂಗೂ ಬರ್ತಾನಲ್ಲ ಅಂತ. ಇವತ್ತು ಹೋಗೋದು ಕೇಳಿದೆ. ಕಡೀತನಕ ಕೇಳಿದೆ."

ಅಂಗಳದಲ್ಲಿ ಗಾಡಿ ನಿಲ್ಲುತ್ತಿದ್ದ ಕಡೆ ಎಣ್ಣೆಯ ಕಲೆ ಮಾತ್ರ ಇತ್ತು. ಮಕ್ತುಮ್ ಅದರ ಪಕ್ಕ ಕೂತು ಆ ಪಟ್ಟೆಪಟ್ಟೆ ಹೊದಿಕೆಯನ್ನು ಮಡಚುತ್ತಿದ್ದ. ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದ. ಅವನಿಗೆ ಬೈಯೋಣವೆಂದು ಬಾಯಿ ತೆರೆದೆ. ಪಕ್ಕದಲ್ಲಿ ಕೂತು ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡೆ. ಅವತ್ತು ನನಗೆ ಸಿಟ್ಟು ಬರಲೇ ಇಲ್ಲ.